ಇಂಗ್ಲೆಂಡಿನ ಇಂಟರ್‌ನ್ಯಾಷನಲ್ ಬಿಸಿನೆಸ್ ಎಂ.ಎಸ್ಸಿ: ಅಂಕ ಬರುವುದೆಲ್ಲಿ, ಹೋಗುವುದೆಲ್ಲಿ

ಶಿರಸಿಯಲ್ಲೋ ಕಾರವಾರದಲ್ಲೋ ಬಿ.ಕಾಂ ಮುಗಿಸಿ ಈ ಕೋರ್ಸಿಗೆ ಹೊರಟವರು ಮೊದಲು ಕ್ರೆಡಿಟ್ ಲೆಕ್ಕ ತಿಳಿದುಕೊಳ್ಳಬೇಕು. ಒಂದು ವರ್ಷಕ್ಕೆ 180 ಕ್ರೆಡಿಟ್, ಒಂದು ಕ್ರೆಡಿಟ್ಟಿಗೆ 10 ಗಂಟೆ ದುಡಿಮೆ. 15 ಕ್ರೆಡಿಟ್ಟಿನ ಒಂದು ವಿಷಯಕ್ಕೆ 150 ಗಂಟೆ ಆಯಿತು. ಅದರಲ್ಲಿ ತರಗತಿ ಸಾಮಾನ್ಯವಾಗಿ 20–30 ಗಂಟೆ ಅಷ್ಟೆ. ಉಳಿದದ್ದು ನೀವೇ ಓದಿ ಬರೆಯುವ ಹೊತ್ತು. ಸೆಮಿನಾರಿಗೆ ಕೇಸ್ (ಚರ್ಚೆಗೆಂದು ಕೊಟ್ಟ ಒಂದು ಕಂಪನಿಯ ಸಂದರ್ಭದ ವಿವರ) ಓದದೆ ಹೋದರೆ ಆ ದಿನ ವ್ಯರ್ಥ, ಏಕೆಂದರೆ ಅಲ್ಲಿ ಪಾಠ ಹೇಳುವುದಿಲ್ಲ, ಚರ್ಚೆ ನಡೆಯುತ್ತದೆ.

ಹೆಚ್ಚಿನ ಕಡೆ 50 ಬಂದರೆ ಪಾಸು, 60ಕ್ಕೆ ಮೆರಿಟ್, 70ಕ್ಕೆ ಡಿಸ್ಟಿಂಕ್ಷನ್. ಇಲ್ಲಿ 85 ತೆಗೆದವರು ಅಲ್ಲಿ 62 ಬಂತೆಂದು ಕಂಗೆಡಬಾರದು, ಅದು ಒಳ್ಳೆಯ ಅಂಕವೇ.

ಅಂಕ ಕೈತಪ್ಪುವುದು ಹೀಗೆ. ಶಿರಸಿಯ ಕಾಳುಮೆಣಸನ್ನು ಹ್ಯಾಂಬರ್ಗ್‌ಗೆ ಮಾರುವ ಬಗ್ಗೆ 2,000 ಪದಗಳ ವರದಿ ಎಂದಿಟ್ಟುಕೊಳ್ಳಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದರು ಎಂಬಲ್ಲಿಂದ ಶುರುಮಾಡಿ 500 ಪದ ಮುಗಿಸಿದರೆ, ಓದಲು ಚೆಂದ, ಅಂಕ ಮಾತ್ರ ಇಲ್ಲ. ಪರೀಕ್ಷಕರಿಗೆ ಬೇಕಾದದ್ದು ನಿರ್ಧಾರ ಮತ್ತು ಅದರ ಕಾರಣ.

ಅದೇ ವರದಿಯಲ್ಲಿ ಸಿಐಎಫ್ ದರ, ಅಂದರೆ ಸರಕಿನ ಬೆಲೆ, ವಿಮೆ, ಹಡಗಿನ ಬಾಡಿಗೆ ಮೂರೂ ಸೇರಿದ ದರ, ಹೇಳುತ್ತೀರಿ ಅನ್ನಿ. ಹ್ಯಾಂಬರ್ಗ್‌ವರೆಗಿನ ಹಡಗಿನ ಬಾಡಿಗೆ, ವಿಮೆ ಎರಡೂ ನಿಮ್ಮದೇ. ಆದರೆ ನವಮಂಗಳೂರಿನಲ್ಲಿ ಸರಕು ಹಡಗೇರಿದ ಕೂಡಲೇ ನಷ್ಟದ ಹೊಣೆ ಕೊಳ್ಳುವವರಿಗೆ ದಾಟುತ್ತದೆ. ಬಾಡಿಗೆ ಕೊಟ್ಟವರದೇ ಹೊಣೆ ಎಂದು ಬರೆದು ಎಡವುವವರು ಬಹಳ. ಇನ್ನೂ ಮುಂದೆ ಹೋಗಿ: ಸಿಐಎಫ್ ಕೇಳುವ ಕನಿಷ್ಠ ವಿಮೆ 'ಸಿ' ಷರತ್ತಿನದು (ಸರಕು ವಿಮೆಯ ಎ, ಬಿ, ಸಿ ಷರತ್ತುಗಳಲ್ಲಿ ಅತಿ ಕಿರಿದಾದದ್ದು), ಕಂಟೇನರಿಗೆ ಸಮುದ್ರದ ನೀರು ನುಗ್ಗಿ ಮೆಣಸು ಬೂಸ್ಟು ಹಿಡಿದರೆ ಅದು ಒದಗುವುದಿಲ್ಲ. ಕಂಟೇನರನ್ನು ಹಡಗಿಗಿಂತ ಮೊದಲೇ ಯಾರ್ಡಿನಲ್ಲಿ ಒಪ್ಪಿಸುವುದರಿಂದ ಸಿಐಪಿಯೇ ಸರಿ; ಅದರಲ್ಲೂ ಬಾಡಿಗೆ, ವಿಮೆ ಮಾರುವವರದೇ, ಆದರೆ ಸರಕನ್ನು ಸಾಗಣೆದಾರರಿಗೆ ಒಪ್ಪಿಸಿದಾಗಲೇ ಹೊಣೆ ದಾಟುತ್ತದೆ. ಇಂಥ ಮಾರಾಟ ಷರತ್ತುಗಳ ಅಂತರರಾಷ್ಟ್ರೀಯ ನಿಯಮಾವಳಿ ಇನ್‌ಕೋಟರ್ಮ್ಸ್ 2020ರ ಪ್ರಕಾರ ಅದಕ್ಕೆ ವಿಶಾಲವಾದ 'ಎ' ಷರತ್ತಿನ ವಿಮೆ ಬೇಕು. ಇಷ್ಟನ್ನು ನಾಲ್ಕು ವಾಕ್ಯದಲ್ಲಿ ವಾದಿಸಿದರೆ ಇತಿಹಾಸದ ಎರಡು ಪುಟಕ್ಕಿಂತ ಹೆಚ್ಚು ಬೆಲೆ.

ಗುಂಪು ಪ್ರೆಸೆಂಟೇಶನ್ನಿಗೆ ಯಾರು ಏನು ಮಾಡಿದರೆಂದು ವಾರವಾರ ಬರೆದಿಡಿ, ತಕರಾರು ಬಂದಾಗ ಅದೇ ಸಾಕ್ಷಿ.

ಕೊನೆಯ ಡಿಸರ್ಟೇಶನ್ (ಸಂಶೋಧನಾ ಪ್ರಬಂಧ) ಹಲವೆಡೆ 60 ಕ್ರೆಡಿಟ್. ಜನರನ್ನು ಸಂದರ್ಶಿಸುವುದಿದ್ದರೆ ವಿಶ್ವವಿದ್ಯಾಲಯದ ಎಥಿಕ್ಸ್ (ಸಂಶೋಧನಾ ನೀತಿ) ಒಪ್ಪಿಗೆ ಮೊದಲು ಸಿಗಬೇಕು. ಅದಕ್ಕೆ ಮುಂಚೆ ಕೇಳಿದ ಮಾತನ್ನು ಬಳಸುವಂತಿಲ್ಲ. ಜೂನ್‌ನಲ್ಲಿ ಊರಿಗೆ ಬಂದು ಶಿರಸಿಯ ವರ್ತಕರನ್ನು ಮಾತಾಡಿಸುವ ಯೋಚನೆಯಿದ್ದರೆ ಅರ್ಜಿ ಏಪ್ರಿಲ್‌ನಲ್ಲೇ ಹೋಗಿರಲಿ.