ಟೆಕ್ಸಸ್‌ನ ಕಾಲಿನ್ ಕೌಂಟಿಗೆ ಮನೆ ಬದಲಿಸುವ ಮುನ್ನ

ಡಲ್ಲಾಸ್‌ನ ಉತ್ತರದಲ್ಲಿರುವ ಕಾಲಿನ್ ಕೌಂಟಿಯ ಪ್ಲೇನೋ, ಫ್ರಿಸ್ಕೋ, ಮೆಕಿನಿ ಕಡೆಗೆ ಬರಲು ಯೋಚಿಸುತ್ತಿರುವವರು, ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲವೆಂಬ ಒಂದೇ ಕಾರಣಕ್ಕೆ ಖರ್ಚು ಕಡಿಮೆಯೆಂದು ತೀರ್ಮಾನಿಸಬಾರದು. ಇಲ್ಲಿ ಶಾಲಾ ಜಿಲ್ಲೆ (ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ), ನಗರ, ಕೌಂಟಿ ಮತ್ತು ಕಾಲೇಜು ನಡೆಸುವ ಕಾಲೇಜು ಜಿಲ್ಲೆ ಪ್ರತ್ಯೇಕವಾಗಿ ಆಸ್ತಿ ತೆರಿಗೆ ವಿಧಿಸುತ್ತವೆ.

ಮನೆ ಮಾರುವವರು ತೋರಿಸುವ ಹಳೆಯ ತೆರಿಗೆ ರಸೀದಿಯನ್ನು ದಯವಿಟ್ಟು ಆಧಾರವಾಗಿಟ್ಟುಕೊಳ್ಳಬೇಡಿ. ಸ್ವಂತ ವಾಸದ ಮನೆಯ ತೆರಿಗೆ ಮೌಲ್ಯವು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರದಂತೆ ಕಾನೂನಿನ ಮಿತಿಯಿದೆ. ಆದರೆ ಮನೆ ಕೈಬದಲಾದ ಮೇಲೆ ಆ ಮಿತಿ ಕಳಚಿ, ಮುಂದಿನ ವರ್ಷ ಮೌಲ್ಯವು ಮಾರುಕಟ್ಟೆ ದರಕ್ಕೆ ಏರಬಹುದು. ಹೊಸ ಮನೆಯಲ್ಲಂತೂ ಮೊದಲ ವರ್ಷ ಕೆಲವೊಮ್ಮೆ ಬರಿಯ ನಿವೇಶನಕ್ಕಷ್ಟೇ ತೆರಿಗೆ ಬಂದು, ಮರುವರ್ಷ ಇಡೀ ಮನೆಗೆ ಬಂದಾಗ ತೆರಿಗೆಯೂ ಸೇರಿದ ಗೃಹಸಾಲದ ತಿಂಗಳ ಕಂತು ನೂರಾರು ಡಾಲರ್ ಹೆಚ್ಚುತ್ತದೆ. ಆದ್ದರಿಂದ ನೀವು ಕೊಡುವ ಬೆಲೆಯನ್ನೇ ಈಗಿನ ಒಟ್ಟು ತೆರಿಗೆ ದರದಿಂದ ಗುಣಿಸಿ ನೋಡಿ. ಬಡಾವಣೆಗೆ ವಿಶೇಷ ಸುಧಾರಣಾ ಶುಲ್ಕವಿದೆಯೇ ಎಂದೂ ಕೇಳಿ.

ವಿಳಾಸದಲ್ಲಿ ಫ್ರಿಸ್ಕೋ ಎಂದಿದ್ದರೂ ಮನೆ ಪ್ರಾಸ್ಪರ್ ಶಾಲಾ ಜಿಲ್ಲೆಗೆ ಸೇರಿರಬಹುದು. ಫ್ರಿಸ್ಕೋ, ಮೆಕಿನಿಗೆ ಡಲ್ಲಾಸ್ ಪ್ರದೇಶದ ಸಾರ್ವಜನಿಕ ಸಾರಿಗೆಯಾದ ಡಾರ್ಟ್‌ನ ರೈಲು ಇಲ್ಲದ ಕಾರಣ ಟೋಲ್ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ, ಕೆಲಸದ ದಿನ ಬೆಳಿಗ್ಗೆ 8 ಗಂಟೆಗೆ ಒಮ್ಮೆ ಕಚೇರಿಯವರೆಗೆ ಕಾರು ಓಡಿಸಿ ನೋಡಿ.

ಆಲಿಕಲ್ಲಿನ ಮಳೆ ಇಲ್ಲಿ ಸಾಮಾನ್ಯ. ಅನೇಕ ವಿಮೆಗಳಲ್ಲಿ ಆ ಹಾನಿಯ ಮೊದಲ ಭಾಗವನ್ನು, ಅಂದರೆ ಮನೆಯ ವಿಮಾ ಮೊತ್ತದ ಶೇ. 1 ಅಥವಾ 2ರಷ್ಟನ್ನು, ನೀವೇ ಭರಿಸಬೇಕಾಗುತ್ತದೆ. ಇಲ್ಲಿನ ಜೇಡಿಮಣ್ಣು ಬೇಸಿಗೆಯಲ್ಲಿ ಕುಗ್ಗಿ ಮನೆಯ ಅಡಿಪಾಯ ಕದಲಬಹುದಾದ್ದರಿಂದ, ಕಿಟಕಿಯ ಮೂಲೆಯ ಓರೆ ಬಿರುಕುಗಳನ್ನೂ ಗಮನಿಸಿ.