ನೀರು ತಿಳಿಯಾಯಿತು, ಈರುಳ್ಳಿ ಒಪ್ಪಲಿಲ್ಲ

ಮೊಳಕಾಲ್ಮೂರಿನಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವವರೊಬ್ಬರು ಹಂಡೆಯಲ್ಲಿ ಉಳಿದ ಕಿತ್ತಳೆ ನೀರನ್ನು ಕ್ಯಾನಿಗೆ ತುಂಬಿ ಕೊಟ್ಟಿದ್ದರು. ಅಂಥ ನೀರಿಗೆ ಟೈಟಾನಿಯಂ ಡೈಆಕ್ಸೈಡ್ ಪುಡಿ ಹಾಕಿ, ಅಗಲವಾದ ಟ್ರೇಯಲ್ಲಿ ಬಿಸಿಲಿಗಿಟ್ಟು ಕಲಕುತ್ತಿದ್ದರೆ ಬಣ್ಣ ಹೋಗುತ್ತದೆ. ಬಿಸಿಲಿನಲ್ಲಿ ಈ ಪುಡಿಗೆ ಬೇಕಾದ ಅಲ್ಟ್ರಾವಯಲೆಟ್ ಇರುವುದು ಸುಮಾರು ಶೇ 5 ಮಾತ್ರ. ನಮ್ಮ ಕಡೆಯ ಬಿಸಿಲಿಗೆ ಅಷ್ಟೇ ಸಾಕು ಬಿಡಿ. ತಿಳಿ ನೀರು ನೋಡಿ ಅವರು ಕೇಳಿದ್ದು ಒಂದೇ: "ಮೇಡಂ, ಇದನ್ನ ತೋಟಕ್ಕೆ ಬಿಟ್ರೆ ಏನಾದ್ರೂ ಆಗುತ್ತಾ?"

ಹಂಡೆ ನೀರಿನಲ್ಲಿ ಸಾಬೂನು, ಆಮ್ಲ ಎಲ್ಲ ಬೆರೆತಿರುತ್ತೆ. ಅದಕ್ಕೇ ದಾವಣಗೆರೆಯ ಲ್ಯಾಬಿನಲ್ಲಿ ಮೊದಲು ಆಸಿಡ್ ಆರೆಂಜ್ 7 ಎಂಬ ಕಿತ್ತಳೆ ಬಣ್ಣವನ್ನೇ ಶುದ್ಧವಾಗಿ ತೆಗೆದುಕೊಂಡೆ. ಇದಕ್ಕೆ ಬಣ್ಣ ಬರುವುದು ಎರಡು ನೈಟ್ರೋಜನ್‌ಗಳ ನಡುವಿನ ಬಂಧದಿಂದ. ಅದು ಮುರಿದರೆ ಸಾಕು, ಕಣ್ಣಿಗೆ ನೀರು ಶುದ್ಧ. ನೀರು ಯಾವ ಬೆಳಕನ್ನು ಎಷ್ಟು ಹೀರುತ್ತದೆಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ಮಾತ್ರ, ಕಿತ್ತಳೆ ಬಣ್ಣದ ಗುರುತಾದ 485 ನ್ಯಾನೋಮೀಟರಿನ ಶಿಖರ ನೆಲಕಚ್ಚಿದ ಮೇಲೂ 310ರ ಆಸುಪಾಸು ಉಬ್ಬು ಉಳಿದಿತ್ತು. ಅಂದರೆ ಬಣ್ಣದ ಅಣುವಿನಲ್ಲಿದ್ದ ಇಂಗಾಲದ ಉಂಗುರಗಳ ತುಣುಕುಗಳು ಇನ್ನೂ ನೀರಿನಲ್ಲೇ ಇವೆ. ಅವುಗಳಲ್ಲಿ ಅಮೀನುಗಳು, ಕ್ವಿನೋನುಗಳು ಇದ್ದರೆ ಮೂಲ ಬಣ್ಣಕ್ಕಿಂತ ಅವೇ ಹೆಚ್ಚು ವಿಷವಾಗಬಹುದು.

ನೀರಿನಲ್ಲಿ ವಿಷ ಉಳಿದಿದೆಯಾ ಅಂತ ಪರೀಕ್ಷಿಸಲು ಈರುಳ್ಳಿ ಆರಿಸಿದೆ. ಚಿತ್ರದುರ್ಗದ ರೈತರಿಂದಲೇ ಒಂದೇ ಗಾತ್ರದ ಗಡ್ಡೆ ತಂದು, ಒಣಗಿದ ಹಳೆ ಬೇರನ್ನು ಬ್ಲೇಡಿನಿಂದ ಕೆರೆದು, ಬುಡವಷ್ಟೇ ನೀರಿಗೆ ತಾಗುವ ಹಾಗೆ ಗಾಜಿನ ಲೋಟದ ಬಾಯಿಗೆ ಕೂರಿಸುವುದು. ಕೆರೆಯುವಾಗ ಬೇರು ಹೊರಡುವ ಉಂಗುರಕ್ಕೆ ಗಾಯ ಆಗಬಾರದು. ಮೂರು ದಿನಕ್ಕೆ ಬೇರಿನ ಉದ್ದ ಅಳೆದು, ತುದಿಗೆ ಅಸಿಟೋಕಾರ್ಮಿನ್ ಬಣ್ಣ ಹಚ್ಚಿ, ಜಜ್ಜಿ, ಸೂಕ್ಷ್ಮದರ್ಶಕದಲ್ಲಿ ಎಷ್ಟು ಕೋಶ ವಿಭಜನೆಯಾಗುತ್ತಿವೆ, ಕ್ರೋಮೋಸೋಮು ತುಂಡಾಗಿದೆಯಾ ಅಂತ ಎಣಿಸಬೇಕು. ಕತ್ತು ನೋಯುವ ಕೆಲಸ.

ಮಾದರಿಯನ್ನು ಕೊನೆಯಲ್ಲಿ ಮಾತ್ರ ತೆಗೆದರೆ ಪ್ರಯೋಜನವಿಲ್ಲ. ನಡುನಡುವೆ ತೆಗೆಯುತ್ತಾ ಹೋಗಬೇಕು. ಜೊತೆಗೆ ಬರೀ ನೀರಿಗೆ ಪುಡಿ ಹಾಕಿ ಸೋಸಿದ ಲೋಟ, ಪುಡಿಯಿಲ್ಲದೆ ಬಿಸಿಲು ಕಂಡ ಬಣ್ಣ, ಪುಡಿಯಿದ್ದೂ ಕತ್ತಲಲ್ಲಿಟ್ಟ ಬಣ್ಣ, ಇವೂ ಬೇಕು. ಪುಡಿಯ ನ್ಯಾನೋ ಕಣ ಫಿಲ್ಟರಿನಿಂದ ನುಸುಳಿದರೆ ಮೊದಲ ಲೋಟವೇ ಹೇಳಿಬಿಡುತ್ತೆ. ತುಣುಕುಗಳು ಆಮ್ಲವಾಗಿ ಪಿಎಚ್ ಇಳಿಯುವುದರಿಂದ ಎಲ್ಲವನ್ನೂ 7ಕ್ಕೆ ತಂದೆ. ಇಲ್ಲದಿದ್ದರೆ ಹುಳಿ ಮಾಡಿದ್ದಕ್ಕೆ ವಿಷದ ಮೇಲೆ ದೂರು. ಹೈಡ್ರೋಜನ್ ಪೆರಾಕ್ಸೈಡ್ ಬಳಸುವವರು ಉಳಿದದ್ದನ್ನು ಕ್ಯಾಟಲೇಸ್ ಎಂಬ ಕಿಣ್ವ ಹಾಕಿ ಮುಗಿಸಲೇಬೇಕು. ಉಳಿದ ಪೆರಾಕ್ಸೈಡ್ ಬೇರನ್ನೂ ಸುಡುತ್ತೆ, ಸಿಒಡಿ (ನೀರಿನಲ್ಲಿ ಉಳಿದ ಕೊಳೆಯನ್ನು ಉತ್ಕರ್ಷಿಸಲು ಬೇಕಾದ ಆಮ್ಲಜನಕದ ಅಳತೆ) ಲೆಕ್ಕವನ್ನೂ ಕೆಡಿಸುತ್ತೆ.

ಬಣ್ಣ ಆಗಷ್ಟೇ ಹೋಗಿದ್ದ ಮಾದರಿಯಲ್ಲಿ ಬೇರು ಮೂಲ ಕಿತ್ತಳೆ ನೀರಿನಲ್ಲಿದ್ದುದಕ್ಕಿಂತ ಗಿಡ್ಡ, ತುದಿ ಕಂದು. ಬಿಸಿಲಲ್ಲಿ ಇನ್ನಷ್ಟು ಹೊತ್ತು ಬಿಟ್ಟದ್ದರಲ್ಲಿ ಸಿಒಡಿ ಇಳಿದು, ಬೇರು ಬರೀ ನೀರಿನಲ್ಲಿದ್ದಷ್ಟೇ ಬಂತು. ಹಂಡೆ ನೀರಿನಲ್ಲೂ ಹೀಗೇ ಆಯಿತು, ಹೊತ್ತು ಮಾತ್ರ ಜಾಸ್ತಿ ಹಿಡಿಯಿತು.

ಅವರಿಗೆ ಹೇಳಿದ್ದು ಇಷ್ಟೇ: ಬಣ್ಣ ಹೋದ ತಕ್ಷಣ ಬಿಡಬೇಡಿ, ತೊಟ್ಟಿ ದೊಡ್ಡದು ಮಾಡಿ. ತೋಟಕ್ಕಂತೂ ಈಗಲೇ ಬೇಡ; ಮೀನು, ನೀರುಚಿಗಟಗಳ ಪರೀಕ್ಷೆ ಬಾಕಿ ಇದೆ.