ರಾಜ್ಯಶಾಸ್ತ್ರದ ತರಗತಿಗೆ ಚಿಹ್ನೆಗಳ ಪಾಠ: ಫ್ಲೆಕ್ಸ್‌ನಿಂದ ಶುರು ಮಾಡಿ

ಧಾರವಾಡದಲ್ಲಿ ಎಂ.ಎ. ರಾಜ್ಯಶಾಸ್ತ್ರದ ಹುಡುಗ ಹುಡುಗಿಯರಿಗೆ ನಾನು ಸೆಮಿಯಾಟಿಕ್ಸ್, ಅಂದರೆ ಚಿಹ್ನಾಶಾಸ್ತ್ರ, ಕಲಿಸುತ್ತೇನೆ. ಈ ಪಾಠ ಹೊಸದಾಗಿ ಹೆಗಲಿಗೆ ಬಿದ್ದವರು ಫೋನ್ ಮಾಡಿ ಕೇಳುವ ಮೊದಲ ಪ್ರಶ್ನೆ ಒಂದೇ: ಸಸ್ಯೂರ್‌ನಿಂದ ಶುರು ಮಾಡಲೋ, ಪರ್ಸ್‌ನಿಂದಲೋ? ಇಬ್ಬರೂ ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಚಿಂತಕರು. ಆದರೆ ಇಬ್ಬರಿಂದಲೂ ಬೇಡ. ಹುಟ್ಟುಹಬ್ಬದ ಫ್ಲೆಕ್ಸ್‌ನಿಂದ ಶುರು ಮಾಡಿ.

ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಹೋಗಿ ಬನ್ನಿ, ದಾರಿಯಲ್ಲಿ ಕಂಡ ಒಂದು ರಾಜಕೀಯ ಫ್ಲೆಕ್ಸ್‌ನ ಫೋಟೊ ತನ್ನಿ ಅಂತ ಹೇಳಿ. ಮೊದಲ ತರಗತಿಯಲ್ಲಿ ಕಣ್ಣಿಗೆ ಕಂಡದ್ದನ್ನು ಮಾತ್ರ ಹೇಳಬೇಕು. ಅಧಿಕಾರ, ಜಾತಿ, ದುಡ್ಡು, ಪ್ರಚಾರ ಎಂಬ ಮಾತು ಯಾರೂ ಎತ್ತಬಾರದು. ಇದು ಅಂದುಕೊಂಡಷ್ಟು ಸುಲಭ ಅಲ್ಲ. ನಮ್ಮ ವಿಷಯದ ವಿದ್ಯಾರ್ಥಿಗಳು ತೀರ್ಮಾನವನ್ನು ಜೇಬಿನಲ್ಲಿ ಇಟ್ಟುಕೊಂಡೇ ಬರುತ್ತಾರೆ.

"ಟಿಕೆಟ್ ಆಕಾಂಕ್ಷಿ ಅದಾರ್ರಿ ಮೇಡಮ್."

"ಎಲ್ಲಿ ಬರೆದಿದೆ?"

"ಬರದಿಲ್ರೀ. ಆದ್ರ ಗೊತ್ತಾಗ್ತದಲ್ರೀ."

ಹೇಗೆ ಗೊತ್ತಾಯಿತು ಅನ್ನುವುದೇ ನಮ್ಮ ಪಾಠ. ಹಾಗಾಗಿ ಬೋರ್ಡ್ ಮೇಲೆ ಬರೆಸಿ. ಮೇಲೆ ದುಂಡಗಿನ ಚೌಕಟ್ಟಿನಲ್ಲಿ ದೊಡ್ಡ ನಾಯಕರ ಮುಖಗಳು. ನಡುವೆ ಆಳೆತ್ತರದ ಒಬ್ಬರು, ಬಿಳಿ ಅಂಗಿ, ಕೈ ಮುಗಿದಿದ್ದಾರೆ. ಕೆಳಗೆ 'ಶುಭ ಕೋರುವವರು' ಎಂಬ ಸಾಲಿನಲ್ಲಿ ಅಂಚೆಚೀಟಿ ಗಾತ್ರದ ಮುಖಗಳು. ಯಾರ ಮುಖ ಯಾರ ಪಕ್ಕ ಇದೆ, ಯಾರದ್ದು ಎಷ್ಟು ದೊಡ್ಡದು, ಎಲ್ಲವೂ ಬರಲಿ.

ಎರಡನೇ ತರಗತಿಗೆ ಕತ್ತರಿ, ಗೋಂದು ತನ್ನಿ. ಫೋಟೊದಲ್ಲಿ ಒಂದೇ ಒಂದು ಅಂಶ ಬದಲಿಸಿ ನೋಡಬೇಕು. ಬಿಳಿ ಅಂಗಿ ತೆಗೆದು ಚೌಕಳಿ ಅಂಗಿ ಹಾಕಿದರೆ? ಅದೇ ಮನುಷ್ಯ ಬಟ್ಟೆ ಅಂಗಡಿಯ ಜಾಹೀರಾತಿಗೆ ನಿಂತಂತೆ ಕಾಣುತ್ತಾರೆ. ಮೇಲಿನ ದುಂಡನೆಯ ಮುಖಗಳನ್ನು ಕೆಳಗಿನ ಸಾಲಿಗೆ ಇಳಿಸಿದರೆ? ತರಗತಿಯೇ ನಗುತ್ತದೆ. ಆ ನಗುವನ್ನು ಬರೆದಿಟ್ಟುಕೊಳ್ಳಲು ಹೇಳಿ, ಒಂದು ನಿಯಮ ಮುರಿದದ್ದಕ್ಕೆ ಅದು ಸಾಕ್ಷಿ. ಕೈಗಡಿಯಾರ ತೆಗೆದರೆ ಏನೂ ಆಗಲಿಲ್ಲವೋ, ಅದನ್ನು ಸುಮ್ನೆ ಬಿಟ್ಟುಬಿಡಿ. ಭಾಷಾಶಾಸ್ತ್ರದವರು 'ಕಲ್ಲು', 'ಹಲ್ಲು' ಎಂದು ಒಂದು ಧ್ವನಿ ಬದಲಿಸಿ ನೋಡುತ್ತಾರಲ್ಲ, ಅದೇ ವಿದ್ಯೆ ಇದು.

ಸಸ್ಯೂರ್‌ನನ್ನು ಕರೆತರಲು ಈಗ ಹೊತ್ತಾಯಿತು. ಅವನ ಪಾಠಗಳು ಪುಸ್ತಕವಾದದ್ದು ಅವನು ತೀರಿಕೊಂಡ ಮೇಲೆ, 1916ರಲ್ಲಿ. ಸೂಚಕ ಅಂದರೆ ಚಿಹ್ನೆಯ ರೂಪ, ಸೂಚಿತ ಅಂದರೆ ಅದು ಮನಸ್ಸಿಗೆ ತರುವ ಅರ್ಥ; ಇವೆರಡರ ನಡುವಿನ ನಂಟು ನಾವು ಒಪ್ಪಿಕೊಂಡದ್ದು ಅಷ್ಟೇ, ಚಿಹ್ನೆಗೆ ಬೆಲೆ ಬರುವುದು ಇತರ ಚಿಹ್ನೆಗಳಿಂದ ಬೇರೆ ಇರುವುದರಿಂದ. ಕತ್ತರಿ ಹಿಡಿದ ಮೇಲೆ ಇದನ್ನು ಹೇಳಲು ಅರ್ಧ ಗಂಟೆ ಸಾಕು.

ಒಂದು ಚಿಹ್ನೆಯ ಮೇಲೆ ಇನ್ನೊಂದು ಅರ್ಥ ಹೇಗೆ ಕೂರುತ್ತದೆ ಎಂದು ತೋರಿಸಿದ ಫ್ರೆಂಚ್ ಚಿಂತಕ ಬಾರ್ತ್ ವಿಷಯಕ್ಕೆ ಮಾತ್ರ ಜಾಸ್ತಿ ಸಮಯ ಇಟ್ಟುಕೊಳ್ಳಿ. ಎಲ್ಲರೂ ಅವನ ಪ್ರಸಿದ್ಧ ಉದಾಹರಣೆಯನ್ನೇ ಕೊಡುತ್ತಾರೆ: ಫ್ರೆಂಚ್ ಪತ್ರಿಕೆಯೊಂದರ ಮುಖಪುಟದಲ್ಲಿ ಕಪ್ಪು ವರ್ಣದ ಹುಡುಗ ಸಮವಸ್ತ್ರ ತೊಟ್ಟು ಸಲ್ಯೂಟ್ ಹೊಡೆಯುತ್ತಿದ್ದಾನೆ. ಮೇಲ್ನೋಟಕ್ಕೆ ಅಷ್ಟೇ. ಆದರೆ ಆ ಚಿತ್ರ 'ನಮ್ಮ ಸಾಮ್ರಾಜ್ಯ ಬಣ್ಣ ನೋಡುವುದಿಲ್ಲ' ಎಂದೂ ಹೇಳುತ್ತಿದೆ. ಒಳ್ಳೆಯ ಉದಾಹರಣೆಯೇ. ಆದರೆ ಫ್ರಾನ್ಸ್‌ನ ವಸಾಹತುಗಳ ಕಥೆ ಹೇಳಿ ಮುಗಿಸುವಷ್ಟರಲ್ಲಿ ಬೆಲ್ ಹೊಡೆಯುತ್ತದೆ. ಅದರ ಬದಲು ನಾನು ಹಸಿರು ಶಾಲಿನ ಉದಾಹರಣೆ ತೆಗೆದುಕೊಳ್ಳುತ್ತೇನೆ.

1980ರ ಜುಲೈನಲ್ಲಿ ನವಲಗುಂದ, ನರಗುಂದದ ರೈತರು ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ಎದ್ದರು. ಗೋಲಿಬಾರ್ ಆಯಿತು. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. ಹೆಗಲ ಮೇಲಿನ ಹಸಿರು ಶಾಲು ಸಂಘದ ಗುರುತಾಯಿತು. ಸರ್ಕಾರದ ಎದುರು ನಿಂತವನು ಹೊದೆಯುವ ಬಟ್ಟೆ ಅದು. ಈಗ 2018ರ ಮೇ ತಿಂಗಳಿಗೆ ಬನ್ನಿ. ಯಡಿಯೂರಪ್ಪ ರಾಜಭವನದಲ್ಲಿ ಹಸಿರು ಶಾಲು ಹೊದ್ದು, ದೇವರ ಮತ್ತು ರೈತರ ಹೆಸರಿನಲ್ಲಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡರು. ಬಟ್ಟೆ ಅದೇ, ಬಣ್ಣ ಅದೇ. ಎದುರು ನಿಂತವರ ಗುರುತು ಕುರ್ಚಿಯ ಮೇಲೆ ಕೂತಾಗ ಏನು ಹೇಳುತ್ತದೆ? ಹಳೆಯ ಅರ್ಥ ಅಳಿಸಿಹೋಯಿತೇ, ಅಥವಾ ಆ ಹಳೆಯ ಅರ್ಥವೇ ಬೇಕೆಂದು ಅದನ್ನು ಹೊದ್ದರೇ? ಯಾವ ಪಕ್ಷವೂ ಈ ಶಾಲಿನಿಂದ ದೂರ ಉಳಿದಿಲ್ಲ ಎಂದು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಚರ್ಚೆ ಬೇರೆ ಕಡೆ ಹೋಗುತ್ತದೆ. ನವಲಗುಂದ ಕಡೆಯ ವಿದ್ಯಾರ್ಥಿಗಳು ಇದ್ದರೆ ನೀವು ಬಾಯಿ ಮುಚ್ಚಿಕೊಂಡು ಕೇಳಿ. ಮಹದಾಯಿ ನದಿ ನೀರಿನ ಹೋರಾಟದ ದಿನಗಳಲ್ಲಿ ಯಾರು ಶಾಲು ಹೊದ್ದು ಬಂದರು, ಯಾರಿಗೆ ಅದನ್ನು ತೆಗೆಯಿರಿ ಎಂದರು ಎಂಬುದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಪರ್ಸ್‌ಗೆ ಬೆಂಗೇರಿ ಇದೆ. ಹುಬ್ಬಳ್ಳಿಯ ಬೆಂಗೇರಿಯ ಖಾದಿ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ಸಾಧ್ಯವಾದರೆ ಕರೆದುಕೊಂಡು ಹೋಗಿ. ಪರ್ಸ್ ಹೇಳುವ ಮೂರು ಬಗೆ ಗೊತ್ತಲ್ಲ: ಹೋಲಿಕೆಯಿಂದ ಸೂಚಿಸುವುದು, ಕುರುಹಾಗಿ ಸೂಚಿಸುವುದು, ಒಪ್ಪಂದದಿಂದ ಸೂಚಿಸುವುದು. ಧ್ವಜದ ಬಣ್ಣಗಳು ಮೂರನೇ ಬಗೆ. ನಡುವಿನ ಚಕ್ರ ಅಶೋಕ ಸ್ತಂಭದ ಚಕ್ರವನ್ನು ಹೋಲುತ್ತದೆ, ಅದು ಮೊದಲನೆಯದು. ಕೈಯಿಂದ ನೂತ ನೂಲು? ಅದು ಕುರುಹು. ಯಾರದೋ ಕೈ ಅಲ್ಲಿ ಕೆಲಸ ಮಾಡಿದೆ ಎಂಬುದರ ಕುರುಹು. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್ ಬಟ್ಟೆಗೂ, ಯಂತ್ರದಲ್ಲಿ ತಯಾರಾದ ಧ್ವಜಕ್ಕೂ ಒಪ್ಪಿಗೆ ಕೊಟ್ಟರು. ಈಗ ಕತ್ತರಿಯ ಪ್ರಶ್ನೆಯನ್ನೇ ಕೇಳಿ: ಖಾದಿ ತೆಗೆದು ಪಾಲಿಯೆಸ್ಟರ್ ಹಾಕಿದರೆ ಏನು ಬದಲಾಯಿತು, ಏನು ಉಳಿಯಿತು?

ಸಾಹಿತ್ಯ ವಿಭಾಗದವರು ಇಲ್ಲಿಗೆ ನಿಲ್ಲಿಸಬಹುದು. ನಾವು ಇನ್ನೊಂದು ಪ್ರಶ್ನೆ ಕೇಳಲೇಬೇಕು: ಇದರ ಅರ್ಥ ಇಷ್ಟೇ ಎಂದು ಹೇಳುವ ಅಧಿಕಾರ ಯಾರ ಕೈಯಲ್ಲಿದೆ? ಚುನಾವಣಾ ಚಿಹ್ನೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. 1951-52ರ ಮೊದಲ ಮಹಾಚುನಾವಣೆಯಲ್ಲಿ ಬಹುಪಾಲು ಮತದಾರರಿಗೆ ಓದು ಬರುತ್ತಿರಲಿಲ್ಲ. ಪ್ರತಿ ಅಭ್ಯರ್ಥಿಗೂ ಬೇರೆ ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಕಾಂಗ್ರೆಸ್ ಜೋಡೆತ್ತಿನಿಂದ ಆಕಳು-ಕರುವಿಗೆ, ಅಲ್ಲಿಂದ ಕೈಗೆ ಬಂದದ್ದು ಎರಡು ಸಲ ಪಕ್ಷ ಒಡೆದ ಕಥೆಯೂ ಹೌದು. ಚಿಹ್ನೆ ಯಾರದ್ದು ಎಂದು ತೀರ್ಮಾನಿಸಲು ಚುನಾವಣಾ ಆಯೋಗದ ಕೈಯಲ್ಲಿ 1968ರ ಚಿಹ್ನೆಗಳ ಆದೇಶವಿದೆ. 2012ರಲ್ಲಿ ಉತ್ತರ ಪ್ರದೇಶದ ಚುನಾವಣೆ ಹೊತ್ತಿಗೆ ಅದೇ ಆಯೋಗ ಉದ್ಯಾನಗಳ ಕಲ್ಲಿನ ಆನೆಗಳಿಗೆ ಹೊದಿಕೆ ಹಾಕಿಸಿತು, ಅದು ಬಿಎಸ್‌ಪಿ ಚಿಹ್ನೆ ಎಂದು. ನಮ್ಮ ಕಿರಾಣಿ ಅಂಗಡಿಯ ಗಜಲಕ್ಷ್ಮಿ ಪಟದಲ್ಲಿ ಆನೆಯೂ ಇದೆ, ಕಮಲವೂ ಇದೆ. ಅದಕ್ಕೆ ಯಾರೂ ಬಟ್ಟೆ ಮುಚ್ಚಲ್ಲ. ಏಕೆ? ಒಂದು ಇಡೀ ತರಗತಿ ಇದರ ಮೇಲೇ ನಡೆಯಲಿ.

ಹುಬ್ಬಳ್ಳಿಯ ಈದ್ಗಾ ಮೈದಾನದ ಧ್ವಜದ ವಿಷಯ ಕೊನೆಗೆ ಇಟ್ಟುಕೊಳ್ಳಿ. ಅಲ್ಲಿ ರಾಷ್ಟ್ರಧ್ವಜ ಹಾರಿಸುವ ವಿವಾದದಲ್ಲಿ 1994ರ ಆಗಸ್ಟ್ 15ರಂದು ಊರಲ್ಲಿ ಗೋಲಿಬಾರ್ ಆಗಿ ಜೀವ ಹೋದವು. ಬೆಂಗೇರಿಯ ಹೊಲಿಗೆ ಮೇಜಿನ ಮೇಲಿನ ಧ್ವಜವೇ ಆ ಮೈದಾನದಲ್ಲಿ ಬೇರೆ ಬೇರೆ ಜನರಿಗೆ ಬೇರೆ ಬೇರೆ ಮಾತು ಹೇಳಿತು. ಆದರೆ ವಿವರಿಸುವ, ಬದಲಿಸಿ ನೋಡುವ ಅಭ್ಯಾಸ ಗಟ್ಟಿಯಾಗುವ ಮೊದಲು ಇದನ್ನು ಎತ್ತಿದರೆ ತರಗತಿ ಎರಡು ಪಾಳಯವಾಗಿ ಕೂರುತ್ತದೆ.

ಪರೀಕ್ಷೆಯಲ್ಲಿ 'ಕೇಸರಿ ಎಂದರೆ ತ್ಯಾಗ, ಬಿಳಿ ಎಂದರೆ ಶಾಂತಿ' ಎಂಬ ಶಾಲೆಯ ಉತ್ತರ ಬಂದೇ ಬರುತ್ತದೆ. ಅದಕ್ಕೆ ಅಂಕ ಕೊಡಬೇಡಿ. ಹೆಸರು ಮುಚ್ಚಿದ ಒಂದು ಫೋಟೊ ಕೊಟ್ಟು ಮೂರು ಕೆಲಸ ಹೇಳಿ: ಕಂಡದ್ದನ್ನು ಬರೆಯಿರಿ, ಒಂದನ್ನು ಬದಲಿಸಿ, ಆ ಬದಲಾವಣೆಗೆ ಯಾರು ತಕರಾರು ಎತ್ತುತ್ತಾರೆ, ಏಕೆ ಎಂದು ತಿಳಿಸಿ. ಫೋಟೊ ಮಾತ್ರ ಹಾವೇರಿ ಕಡೆಯದೋ ಗದಗ ಕಡೆಯದೋ ಇರಲಿ. ಧಾರವಾಡದ ವಾರ್ಡಿನ ಮುಖಂಡರದ್ದು ಕೊಟ್ಟರೆ ಅವರು ಅರ್ಧ ತರಗತಿಗೆ ಕಾಕಾ ಆಗಿರುತ್ತಾರೆ, ಉಳಿದರ್ಧಕ್ಕೆ ಮಾಮಾ.